ಕವಿವರ ಬನಾರಸೀದಾಸರ ಅರ್ಧಕಥೆ

ಮಾಡಿದ ದೋಷಗಳನ್ನು ನೆನೆದು ಅವುಗಳಿಂದ ಹಿಂದಿರುಗುವುದಕ್ಕೆ ಜೈನ ಪರಂಪರೆಯಲ್ಲಿ ಪ್ರತಿಕ್ರಮಣವೆಂಬ ವಿಧಿಯೇ ಇದೆ. ಆದರೆ ಅದರ ಪಾಠವನ್ನು ನಿತ್ಯವೂ ತಪ್ಪದೆ ಪಠಿಸುವವನು ತನ್ನ ನಿಜವಾದ ದೋಷದ ಕಡೆಗೆ ಒಮ್ಮೆಯೂ ಕಣ್ಣು ಹಾಯಿಸದೆ ಬದುಕು ಮುಗಿಸಬಹುದು. ಹಾಗೆ ಮುಗಿಸಲೊಪ್ಪದ ಒಬ್ಬ ಶ್ರಾವಕ ಮೊಗಲರ ಕಾಲದ ಆಗ್ರಾ ನಗರದಲ್ಲಿದ್ದರು. ಅವರೇ ಕವಿವರ ಬನಾರಸೀದಾಸರು. 1641ರಲ್ಲಿ, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಅವರು ತಮ್ಮ ಬದುಕನ್ನು 675 ಪದ್ಯಗಳಲ್ಲಿ ಬರೆದರು. ಮನುಷ್ಯನ ಆಯುಷ್ಯ ನೂರಹತ್ತು ವರ್ಷವೆಂದೆಣಿಸಿ, ಇದು ಅದರರ್ಧ ಮಾತ್ರವೆಂದು ಆ ಕೃತಿಗೆ 'ಅರ್ಧಕಥಾನಕ'ವೆಂದು ಹೆಸರಿಟ್ಟರು. ಹಿಂದೀ ಸಾಹಿತ್ಯದ ಮೊದಲ ಆತ್ಮಕಥೆಯೆಂದು ವಿದ್ವಾಂಸರು ಗಣಿಸುವ ಗ್ರಂಥವಿದು.

1586ರಲ್ಲಿ ಜೌನಪುರದ ಶ್ರೀಮಾಲ ಕುಲದಲ್ಲಿ ಅವರ ಜನನವಾಯಿತು. ತಂದೆ ಖರಗಸೇನರು ರತ್ನವ್ಯಾಪಾರಿ. ಮಗುವಿಗೆ ಮೊದಲು ಇಟ್ಟ ಹೆಸರು ವಿಕ್ರಮಾಜೀತ. ಪಾರ್ಶ್ವನಾಥ ತೀರ್ಥಂಕರರು ಜನಿಸಿದ ವಾರಾಣಸಿಗೆ ತಂದೆತಾಯಿಗಳು ಯಾತ್ರೆ ಹೋದಾಗ, ಅಲ್ಲಿಯ ಪೂಜಾರಿ ಕಣ್ಣುಮುಚ್ಚಿ ಕುಳಿತು, ಆ ಊರಿನ ಹೆಸರನ್ನೇ ಮಗುವಿಗಿಡಬೇಕೆಂದು ಯಕ್ಷನ ಆದೇಶವಾಯಿತೆಂದನು. ಆ ಧ್ಯಾನ ಬರಿಯ ಕಪಟವೆಂದು ಬನಾರಸೀದಾಸರು ಯಾವ ಮುಲಾಜೂ ಇಲ್ಲದೆ ಬರೆದಿದ್ದಾರೆ. ತಮ್ಮ ಹೆಸರಿನ ಮೂಲಕ್ಕೇ ಈ ಮಾತು ಹೇಳಬಲ್ಲವರು ಉಳಿದುದನ್ನು ಮರೆಮಾಚುವುದುಂಟೇ?

ತಾರುಣ್ಯದಲ್ಲಿ ಅವರು ಶೃಂಗಾರವೇ ತುಂಬಿದ್ದ ಒಂದು ಸಾವಿರ ಪದ್ಯಗಳ ಕಾವ್ಯ ರಚಿಸಿದರು. ಒಬ್ಬ ಸನ್ಯಾಸಿಯ ಮಾತನ್ನು ನಂಬಿ, ವರ್ಷವಿಡೀ ಗುಟ್ಟಾಗಿ ಒಂದು ಮಂತ್ರ ಜಪಿಸಿದರು. ವರ್ಷ ತುಂಬಿದ ಮೇಲೆ ದಿನಕ್ಕೊಂದು ದೀನಾರು ಮನೆಬಾಗಿಲಲ್ಲಿ ಸಿಗುವುದೆಂಬ ಆಸೆ. ಗಡುವು ಮುಗಿದಾಗ ಮಿಂದು ಬಂದು ಬಾಗಿಲಲ್ಲಿ ಹುಡುಕಿದರು, ಸಿಗಲಿಲ್ಲ; ಮರುದಿನವೂ ಹುಡುಕಿದರು. ಆ ಎರಡನೆಯ ದಿನದ ಹುಡುಕಾಟವನ್ನೂ ಅವರು ಮುಚ್ಚಿಡಲಿಲ್ಲ.

1605ರಲ್ಲಿ ಅಕ್ಬರ್ ಬಾದಶಹನ ಮರಣವಾರ್ತೆ ಕೇಳಿದಾಗ ಅವರು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ತಲೆಸುತ್ತಿ ಉರುಳಿ ಬಿದ್ದು ಹಣೆ ಒಡೆಯಿತು. ತಾಯಿ ಬಟ್ಟೆ ಸುಟ್ಟು ಗಾಯಕ್ಕೆ ಒತ್ತಿದರು. ಕೆಲವು ಕಾಲದ ನಂತರ, ಗೋಮತಿ ನದಿಯ ಸೇತುವೆಯ ಮೇಲೆ ಗೆಳೆಯರಿಗೆ ತಮ್ಮ ಕಾವ್ಯ ಓದಿ ಹೇಳುತ್ತಿದ್ದಾಗ ಒಂದು ಯೋಚನೆ ಹೊಳೆಯಿತು. ಒಂದು ಸುಳ್ಳಿಗೇ ದುರ್ಗತಿಯಾದರೆ, ಸುಳ್ಳೇ ತುಂಬಿದ ಸಾವಿರ ಪದ್ಯಗಳಿಗೆ ಗತಿಯೇನು? ಹಸ್ತಪ್ರತಿಯನ್ನು ನದಿಗೆಸೆದರು. ಗೆಳೆಯರು ಮರುಗಿದರು, ಹಾಳೆಗಳು ನೀರಿನಲ್ಲಿ ತೇಲಿಹೋದವು.

ಸಾಮಾನ್ಯವಾಗಿ ಧಾರ್ಮಿಕ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಬನಾರಸೀದಾಸರ ನಿಜವಾದ ಪರೀಕ್ಷೆ ಆರಂಭವಾದದ್ದು ಆಮೇಲೆ, ಅದೂ ಶಾಸ್ತ್ರದ ಮೂಲಕ.

ಸುಮಾರು 1623ರಲ್ಲಿ ಆಗ್ರಾದ ಒಬ್ಬ ಅಧ್ಯಾತ್ಮಪ್ರೇಮಿ ಅವರಿಗೆ ಕುಂದಕುಂದಾಚಾರ್ಯರ 'ಸಮಯಸಾರ'ಕ್ಕೆ ಸಂಬಂಧಿಸಿದ ರಾಜಮಲ್ಲರ ಟೀಕೆಯನ್ನು ಕೊಟ್ಟರು. ನಿಶ್ಚಯನಯದಿಂದ ಆತ್ಮ ಸದಾ ಶುದ್ಧ, ಕರ್ಮಗಳಿಂದ ಭಿನ್ನವೆಂಬ ಬೋಧೆ ಅಲ್ಲಿದೆ. ಬನಾರಸೀದಾಸರಿಗೆ ಅದು ಬಹಳ ಹಿಡಿಸಿತು. ಆತ್ಮ ಶುದ್ಧವೇ ಆಗಿದ್ದರೆ ಜಪವೇಕೆ, ಸಾಮಾಯಿಕವೇಕೆ, ಪ್ರತಿಕ್ರಮಣವೇಕೆ? ಒಂದೊಂದಾಗಿ ಎಲ್ಲವೂ ಬಿಟ್ಟುಹೋದವು. ದೇವರಿಗೆ ಅರ್ಪಿಸಿದ ನೈವೇದ್ಯವನ್ನೇ ತಿನ್ನುವವರೆಗೆ ಆ ಸ್ವೇಚ್ಛೆ ಬೆಳೆಯಿತು. ಮೂವರು ಗೆಳೆಯರೊಡನೆ ಕೋಣೆ ಸೇರಿ, ಬಟ್ಟೆ ಕಳಚಿ, ತಾವು ಪರಿಗ್ರಹವಿಲ್ಲದ ಮುನಿಗಳಾದೆವೆಂದು ಸುತ್ತುತ್ತಿದ್ದರು. ಹೊರಗೆ ಬಂದರೆ ಮತ್ತೆ ಅದೇ ವ್ಯಾಪಾರ, ಅದೇ ಸಂಸಾರ. ಜನ ನಿಂದಿಸಿದರು; ಅದು ಅವರಿಗೆ ತಟ್ಟಲಿಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ದೀನಾರಿನ ಮಂತ್ರ ಸುಳ್ಳಾಗಿತ್ತು, ಶೃಂಗಾರಕಾವ್ಯ ಕಲ್ಪನೆಯಾಗಿತ್ತು. ಅವುಗಳಿಂದ ಹೊರಬರುವುದು ಅಷ್ಟೇನೂ ಕಷ್ಟವಲ್ಲ. 'ಸಮಯಸಾರ'ದ ಮಾತಾದರೋ ಸತ್ಯ. ಸತ್ಯವಾದ ಮಾತನ್ನೇ ತನ್ನ ಆಲಸ್ಯಕ್ಕೆ ಹೊದಿಕೆಯಾಗಿ ಹೊದ್ದವನಿಗೆ ಅದು ಹೊದಿಕೆಯೆಂದು ತಿಳಿಯುವುದು ಹೇಗೆ? ಮೋಸ ಹೋಗುವವನೂ ತಾನೇ, ಮಾಡುವವನೂ ತಾನೇ. ಬುದ್ಧಿವಂತರಾದ ಬನಾರಸೀದಾಸರಿಗೂ ಇದು ತಿಳಿಯಲು ಹನ್ನೆರಡು ವರ್ಷ ಹಿಡಿಯಿತು.

1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಒಂದು ಜಿನಾಲಯದಲ್ಲಿ ಇಳಿದುಕೊಂಡರು. ಅಲ್ಲಿ ಅವರು ಪ್ರವಚನ ಮಾಡಿದ ಗ್ರಂಥ 'ಗೊಮ್ಮಟಸಾರ'. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮಹಾಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ಕೃತಿಯದು. ಕನ್ನಡನಾಡಿನ ಒಬ್ಬ ಗೃಹಸ್ಥನ ನೆಪದಿಂದ ಹುಟ್ಟಿದ ಶಾಸ್ತ್ರ ಆರು ಶತಮಾನಗಳಿಗೂ ಮಿಗಿಲಾದ ಕಾಲ ಕಳೆದು ಆಗ್ರಾದ ಮತ್ತೊಬ್ಬ ಗೃಹಸ್ಥನ ಕಣ್ಣು ತೆರೆಸಿತು. ಜೀವನು ಏರಬೇಕಾದ ಹದಿನಾಲ್ಕು ಗುಣಸ್ಥಾನಗಳನ್ನು ಅದು ವಿವರಿಸುತ್ತದೆ. ಅಣುವ್ರತಿಯಾದ ಶ್ರಾವಕನದು ಐದನೆಯದು, ಮುನಿಯದು ಆರನೆಯದರಿಂದ ಮುಂದೆ. ಯಾವ ಮೆಟ್ಟಿಲಲ್ಲಿ ನಿಂತವನಿಗೆ ಯಾವ ಆಚರಣೆ ತಕ್ಕುದೆಂಬುದು ಅಲ್ಲಿ ಸ್ಪಷ್ಟ. ಪ್ರವಚನ ಕೇಳುತ್ತ ಬನಾರಸೀದಾಸರಿಗೆ ತಾವು ಯಾವ ಮೆಟ್ಟಿಲಲ್ಲಿ ನಿಂತು ಯಾವುದರ ಮಾತಾಡುತ್ತಿದ್ದೆವೆಂಬುದು ಅರಿವಾಯಿತು. ಆತ್ಮ ಶುದ್ಧವೆಂಬುದು ಹುಸಿಯಲ್ಲ; ಅದನ್ನು ಸಾಧಿಸಿಬಿಟ್ಟೆನೆಂದುಕೊಂಡದ್ದೇ ಹುಸಿ.

ಆದ್ದರಿಂದಲೇ ಅವರು ಗೋಮತಿಗೆ ಕಾವ್ಯವನ್ನೆಸೆದಂತೆ 'ಸಮಯಸಾರ'ವನ್ನು ದೂರವಿಡಲಿಲ್ಲ. ಮರುವರ್ಷವೇ, 1636ರಲ್ಲಿ, ಅದನ್ನಾಧರಿಸಿ 'ಸಮಯಸಾರ ನಾಟಕ'ವನ್ನು ದೇಶಭಾಷೆಯಲ್ಲಿ ರಚಿಸಿದರು.

ಈ ನಡುವೆ ಮನೆಯಲ್ಲಿ ಶೋಕದ ಮೇಲೆ ಶೋಕ. ಮೂರು ಮದುವೆಗಳಾದವು, ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ.

'ಅರ್ಧಕಥಾನಕ'ದ ಕೊನೆಯಲ್ಲಿ ಅವರು, ವರ್ತಕನು ಲೆಕ್ಕದ ಪುಸ್ತಕ ಬರೆಯುವಂತೆ, ಆ ಹೊತ್ತಿನ ತಮ್ಮ ಗುಣದೋಷಗಳನ್ನು ನಮೂದಿಸಿದ್ದಾರೆ. ಕವಿತಾಶಕ್ತಿ, ಸಹನೆ, ಮೃದುಮಾತು, ಜಿನಧರ್ಮದಲ್ಲಿ ದೃಢಶ್ರದ್ಧೆ ತಮ್ಮಲ್ಲುಂಟೆಂದು ಸುಳ್ಳು ವಿನಯವಿಲ್ಲದೆ ಬರೆದರು. ಮುಂದೆ ದೋಷಗಳು. ಕ್ರೋಧ, ಮಾನ, ಮಾಯೆಗಳು ಕ್ಷೀಣಿಸಿದ್ದರೂ ಹಣದ ಲೋಭ ಬಲವಾಗಿದೆ. ಜಪತಪಗಳಲ್ಲಿ ನಿಷ್ಠೆಯಿಲ್ಲ, ದಾನಪೂಜೆಗಳಲ್ಲಿ ಪ್ರೀತಿಯಿಲ್ಲ. ಅಲ್ಪಲಾಭಕ್ಕೆ ಹಿಗ್ಗು, ಅಲ್ಪನಷ್ಟಕ್ಕೆ ಚಿಂತೆ. ಕಾಣದ, ಕೇಳದ ಸಂಗತಿಗಳನ್ನು ಕಟ್ಟಿ ಸಭೆಯಲ್ಲಿ ಹೇಳುವ ಚಾಳಿ ಬಿಟ್ಟಿಲ್ಲ. ಏಕಾಂತ ಸಿಕ್ಕರೆ ಕುಣಿಯುವುದುಂಟು. ಕಾರಣವಿಲ್ಲದೆ ಒಮ್ಮೊಮ್ಮೆ ಭಯ ಕವಿಯುತ್ತದೆ.

'ಸಮಯಸಾರ ನಾಟಕ' ಮುಗಿದು ಆಗ ಐದು ವರ್ಷಗಳಾಗಿದ್ದವು. ಕಥೆಯ ಉಳಿದರ್ಧವನ್ನು ಬರೆಯುವಷ್ಟು ಕಾಲ ಅವರು ಬದುಕಲಿಲ್ಲ.