ಔಷಧ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್

ಮಕ್ಕಳೇ, ರಾತ್ರಿ ಮಲಗುವ ಮುನ್ನ ನಿಮ್ಮ ಮನೆಯಲ್ಲಿ ಉಗುರುಬೆಚ್ಚನೆಯ ಹಾಲಿಗೆ ಸ್ವಲ್ಪ ಹೆಪ್ಪು ಹಾಕುತ್ತಾರಲ್ಲವೇ? ಬೆಳಗಾಗುವಷ್ಟರಲ್ಲಿ ಆ ಹಾಲು ಗಟ್ಟಿ ಮೊಸರಾಗಿರುತ್ತದೆ. ಇಡ್ಲಿಯ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುತ್ತದೆ. ಈ ಕೆಲಸ ಮಾಡಿದವರು ಯಾರು? ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಹಾಲಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಹುಳಿಯನ್ನು ಉಂಟುಮಾಡುತ್ತವೆ. ಈ ಕ್ರಿಯೆಗೆ ಹುದುಗುವಿಕೆ ಎಂದು ಹೆಸರು.

ಕೆಲವು ಸೂಕ್ಷ್ಮಜೀವಿಗಳು ನಮಗೆ ರೋಗ ತರುತ್ತವೆ. ಇನ್ನು ಕೆಲವು ನಮ್ಮ ರೋಗಕ್ಕೆ ಮದ್ದನ್ನೂ ಕೊಡುತ್ತವೆ. ಅಂಥ ಸೂಕ್ಷ್ಮಜೀವಿಗಳನ್ನು ಹುಡುಕಿ, ಬೆಳೆಸಿ, ಜನರಿಗೆ ಔಷಧ ದೊರೆಯುವಂತೆ ಮಾಡಿದವರಲ್ಲಿ ನಮ್ಮ ಆಂಧ್ರದವರೇ ಆದ ಒಬ್ಬ ವಿಜ್ಞಾನಿ ಇದ್ದಾರೆ. ಅವರೇ ಯಲ್ಲಾಪ್ರಗಡ ಸುಬ್ಬರಾವ್. ಅವರ ಕಥೆಯನ್ನು ಈಗ ತಿಳಿಯೋಣ.

ಸುಬ್ಬರಾವ್ 1895ರ ಜನವರಿ 12ರಂದು ಪಶ್ಚಿಮ ಗೋದಾವರಿ ಜಿಲ್ಲೆಯ ಭೀಮವರಂನಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಮಕ್ಕಳು ಹೆಚ್ಚು, ವರಮಾನ ಕಡಿಮೆ. ಬಾಲಕ ಸುಬ್ಬರಾವ್‌ಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಒಮ್ಮೆ ಮನೆ ಬಿಟ್ಟು ಹೊರಟೇ ಬಿಟ್ಟರು! ತಾಯಿ ಬಿಡಲಿಲ್ಲ. ಮಗನನ್ನು ಮನೆಗೆ ಕರೆತಂದು ಮತ್ತೆ ಶಾಲೆಗೆ ಕಳುಹಿಸಿದರು. ಸುಬ್ಬರಾವ್ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣರಾದರು. ಮೂರನೆಯ ಸಲ ಮದರಾಸಿನ ಹಿಂದೂ ಹೈಸ್ಕೂಲಿನಲ್ಲಿ ಓದಿ ಉತ್ತೀರ್ಣರಾದರು. ಮುಂದೆ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು.

ಅದು ಸ್ವಾತಂತ್ರ್ಯ ಹೋರಾಟದ ಕಾಲ. ವಿದೇಶಿ ಬಟ್ಟೆಯನ್ನು ಬಿಟ್ಟು ಖಾದಿ ತೊಡಬೇಕೆಂದು ಗಾಂಧೀಜಿ ಕರೆ ಕೊಟ್ಟಿದ್ದರು. ಸುಬ್ಬರಾವ್ ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋದರು. ಇದು ಅಲ್ಲಿನ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಕೊನೆಗೆ ಅವರಿಗೆ ಎಂ.ಬಿ.ಬಿ.ಎಸ್. ಪದವಿ ಸಿಗಲಿಲ್ಲ. ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ಸಿಕ್ಕಿತು. ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು.

ಈ ದಿನಗಳಲ್ಲೇ ಅವರ ಮನೆಗೆ ದೊಡ್ಡ ದುಃಖ ಬಂದೆರಗಿತು. ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗದಿಂದ ತೀರಿಕೊಂಡರು. ಈ ರೋಗ ಬಂದವರಿಗೆ ನಾಲಿಗೆಯಲ್ಲಿ ಹುಣ್ಣಾಗುತ್ತದೆ, ಭೇದಿ ನಿಲ್ಲುವುದಿಲ್ಲ. ತಿಂದ ಅನ್ನ ಮೈಗೆ ಹತ್ತುವುದಿಲ್ಲ. ರಕ್ತ ಕಡಿಮೆಯಾಗಿ ದೇಹ ಸೊರಗುತ್ತದೆ. ಅಂದು ಇದಕ್ಕೆ ಸರಿಯಾದ ಮದ್ದು ಇರಲಿಲ್ಲ. ವೈದ್ಯನಾಗಿಯೂ ಒಡಹುಟ್ಟಿದವರನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂಬ ನೋವು ಸುಬ್ಬರಾವ್ ಅವರನ್ನು ಕಾಡಿತು. ಈ ರೋಗ ಏಕೆ ಬರುತ್ತದೆ? ಇದನ್ನು ಗುಣಪಡಿಸುವುದು ಹೇಗೆ? ಈ ಪ್ರಶ್ನೆಗಳನ್ನು ಹೊತ್ತು ಅವರು 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ಪ್ರಯಾಣಕ್ಕೆ ಮಾವ ಹಣದ ಸಹಾಯ ಮಾಡಿದರು. ಬೇಗ ಮರಳುವೆನೆಂದು ಮನೆಯವರಿಗೆ ಮಾತು ಕೊಟ್ಟು ಹೊರಟ ಅವರು ಮತ್ತೆ ಭಾರತಕ್ಕೆ ಬರಲು ಆಗಲೇ ಇಲ್ಲ.

ಅಮೆರಿಕದ ಬಾಸ್ಟನ್ ನಗರದಲ್ಲಿ ಸುಬ್ಬರಾವ್ ಹಗಲು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು. ಹೊಟ್ಟೆಪಾಡಿಗೆ ಕಾಸಿರಲಿಲ್ಲ. ಆದ್ದರಿಂದ ರಾತ್ರಿ ಒಂದು ಆಸ್ಪತ್ರೆಯಲ್ಲಿ ಆಳಿನ ಕೆಲಸ ಮಾಡಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದಕ್ಕೂ ಅವರು ಹಿಂಜರಿಯಲಿಲ್ಲ. ಮುಂದೆ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯೊಡನೆ ಸಂಶೋಧನೆಗೆ ತೊಡಗಿದರು. ರಕ್ತ ಮತ್ತು ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ಸುಲಭ ವಿಧಾನವನ್ನು ಇಬ್ಬರೂ 1925ರಲ್ಲಿ ಪ್ರಕಟಿಸಿದರು. ನೀವು ಓಡುವಾಗ, ಆಡುವಾಗ ನಿಮ್ಮ ಸ್ನಾಯುಗಳಿಗೆ ಶಕ್ತಿ ಕೊಡುವ ಎ.ಟಿ.ಪಿ. ಎಂಬ ವಸ್ತುವನ್ನು 1929ರಲ್ಲಿ ಗುರುತಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್‌ಮನ್ ಕೂಡ ಅದನ್ನು ಬೇರೆಯಾಗಿ ಕಂಡುಹಿಡಿದಿದ್ದರು.

ಹೆಸರು ಬಂದರೂ ಸುಬ್ಬರಾವ್ ತಮ್ಮ ಹಳೆಯ ಪ್ರಶ್ನೆಯನ್ನು ಮರೆಯಲಿಲ್ಲ. ಆ ಪ್ರಶ್ನೆಗೆ ಉತ್ತರದ ಒಂದು ಸುಳಿವು ನಮ್ಮ ದೇಶದಲ್ಲೇ ಸಿಕ್ಕಿತ್ತು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಯ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಅವರಲ್ಲಿ ಅನೇಕರಿಗೆ ತೀವ್ರವಾದ ರಕ್ತಹೀನತೆ ಇತ್ತು. ಯೀಸ್ಟ್ ಎಂಬ ಸೂಕ್ಷ್ಮಜೀವಿಯಿಂದ ತೆಗೆದ ಸಾರವನ್ನು ತಿನ್ನಿಸಿದಾಗ ಅವರು ಗುಣವಾದರು. ವಿಲ್ಸ್ ಇದನ್ನು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿ ರಕ್ತ ಹೆಚ್ಚಿಸುವ ಯಾವುದೋ ವಸ್ತು ಇದೆ ಎಂದಾಯಿತು. ಅದು ಯಕೃತ್ತಿನಲ್ಲೂ ಸೊಪ್ಪಿನಲ್ಲೂ ಇದೆಯೆಂದು ಮುಂದೆ ತಿಳಿಯಿತು. ಆದರೆ ಬಹಳ ಸ್ವಲ್ಪ. ಟೆಕ್ಸಾಸಿನ ವಿಜ್ಞಾನಿಗಳು 1941ರಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು ಅದರ ಕಿಂಚಿತ್ತು ಅಂಶವನ್ನು ಪಡೆದರು. ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು.

ಸುಬ್ಬರಾವ್ 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಔಷಧ ಕಂಪನಿಯನ್ನು ಸೇರಿದ್ದರು. ಮುಂದೆ ಅಲ್ಲಿನ ಸಂಶೋಧನೆಗೆ ಅವರೇ ಮುಖ್ಯಸ್ಥರಾದರು. ಅವರ ತಂಡ ಫೋಲಿಕ್ ಆಮ್ಲದ ಬೆನ್ನುಹತ್ತಿತು. ಕಣ್ಣಿಗೆ ಕಾಣದಷ್ಟು ಸ್ವಲ್ಪ ಇರುವ ವಸ್ತುವನ್ನು ಗುರುತಿಸುವುದು ಹೇಗೆ? ಇಲ್ಲಿ ನೆರವಿಗೆ ಬಂದದ್ದು ಮೊಸರಿನ ಸೂಕ್ಷ್ಮಜೀವಿಗಳ ಬಳಗಕ್ಕೆ ಸೇರಿದ ಒಂದು ಬ್ಯಾಕ್ಟೀರಿಯಾ. ಫೋಲಿಕ್ ಆಮ್ಲ ಇಲ್ಲದಿದ್ದರೆ ಅದು ಬೆಳೆಯುವುದೇ ಇಲ್ಲ. ಗಾಜಿನ ನಳಿಗೆಯಲ್ಲಿ ಅದಕ್ಕೆ ಬೇರೆಲ್ಲ ಆಹಾರ ಕೊಟ್ಟು, ಪರೀಕ್ಷಿಸಬೇಕಾದ ಸಾರದ ಒಂದೆರಡು ಹನಿ ಸೇರಿಸಬೇಕು. ಬ್ಯಾಕ್ಟೀರಿಯಾ ಬೆಳೆದು ನಳಿಗೆ ಹುಳಿಯಾದರೆ ಆ ಸಾರದಲ್ಲಿ ಫೋಲಿಕ್ ಆಮ್ಲ ಇದೆ ಎಂದು ಅರ್ಥ. ತಂಡದವರು ಮೊದಲು ಯಕೃತ್ತಿನಿಂದ ಆ ವಸ್ತುವನ್ನು ತೆಗೆದರು. ಆಮೇಲೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಬೆಳೆದ ದ್ರವದಿಂದಲೂ ತೆಗೆದರು. ಹೀಗೆ ದೊರೆತದ್ದನ್ನು ಪರೀಕ್ಷಿಸಿ ಅದರ ರಚನೆಯನ್ನು ತಿಳಿದರು. 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಫೋಲಿಕ್ ಆಮ್ಲ ಕೊಟ್ಟಾಗ ಸ್ಪ್ರೂ ರೋಗಿಗಳ ರಕ್ತಹೀನತೆ ಕಡಿಮೆಯಾಯಿತು, ಅವರು ಚೇತರಿಸಿಕೊಂಡರು. ಇಂದು ಶಾಲೆಯಲ್ಲಿ ಮಕ್ಕಳಿಗೆ, ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಈ ಫೋಲಿಕ್ ಆಮ್ಲವೂ ಇದೆ.

ಸುಬ್ಬರಾವ್ ಅಷ್ಟಕ್ಕೇ ನಿಲ್ಲಲಿಲ್ಲ. ರೋಗಾಣುಗಳನ್ನು ಕೊಲ್ಲುವ ಪೆನಿಸಿಲಿನ್ ಎಂಬ ಔಷಧ ಆಗ ಬಳಕೆಗೆ ಬಂದಿತ್ತು. ಆದರೆ ಅದು ಎಲ್ಲ ರೋಗಾಣುಗಳ ಮೇಲೂ ಕೆಲಸ ಮಾಡುತ್ತಿರಲಿಲ್ಲ. ಹೊಸ ಔಷಧವನ್ನು ಎಲ್ಲಿ ಹುಡುಕುವುದು? ನಮ್ಮ ಕಾಲ ಕೆಳಗಿನ ಮಣ್ಣಿನಲ್ಲಿ! ಒಂದು ಚಿಟಿಕೆ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿರುತ್ತವೆ. ಅವುಗಳಲ್ಲಿ ಕೆಲವು ತಮ್ಮ ನೆರೆಯ ಸೂಕ್ಷ್ಮಜೀವಿಗಳನ್ನು ತಡೆಯುವ ರಸವನ್ನು ಸುರಿಸುತ್ತವೆ. ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ವಿಶ್ವವಿದ್ಯಾಲಯದ ಕೆಲಸದಿಂದ ನಿವೃತ್ತರಾಗಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಲೆಡರ್ಲಿಗೆ ಬಂದ ಅವರು ನಾನಾ ಕಡೆಯ ಮಣ್ಣನ್ನು ತರಿಸಿ ಪರೀಕ್ಷಿಸಿದರು. 1945ರಲ್ಲಿ ಅಮೆರಿಕದ ಮಿಸ್ಸೌರಿಯ ಒಂದು ಹುಲ್ಲಿನ ಹೊಲದ ಮಣ್ಣಿನಲ್ಲಿ ಬಂಗಾರದ ಬಣ್ಣದ ಸೂಕ್ಷ್ಮಜೀವಿ ದೊರೆಯಿತು. ಅದರಿಂದ ಪಡೆದ ಔಷಧವೇ ಆರಿಯೋಮೈಸಿನ್. ಪೆನಿಸಿಲಿನ್‌ಗೆ ಜಗ್ಗದ ಹಲವು ರೋಗಾಣುಗಳನ್ನೂ ಅದು ತಡೆಯಿತು.

ಇಂಥ ಔಷಧವನ್ನು ಕಾರ್ಖಾನೆಯಲ್ಲಿ ಹೇಗೆ ತಯಾರಿಸುತ್ತಾರೆ ಗೊತ್ತೇ? ಹೆಪ್ಪು ಹಾಕುವ ಕೆಲಸವನ್ನೇ ನೆನೆದುಕೊಳ್ಳಿ. ಹಾಲಿನ ಪಾತ್ರೆಯ ಬದಲು ಸಾವಿರಾರು ಲೀಟರ್ ಹಿಡಿಯುವ ಉಕ್ಕಿನ ತೊಟ್ಟಿ. ಹಾಲಿನ ಬದಲು ಸಕ್ಕರೆ ಮತ್ತಿತರ ಆಹಾರ ಬೆರೆಸಿದ ನೀರು. ಮೊದಲು ಬಿಸಿ ಹಬೆ ಹಾಯಿಸಿ ಬೇಡದ ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲುತ್ತಾರೆ. ಆರಿದ ಮೇಲೆ ಬೇಕಾದ ಸೂಕ್ಷ್ಮಜೀವಿಯನ್ನು ಹೆಪ್ಪಿನಂತೆ ಬೆರೆಸುತ್ತಾರೆ. ಶುದ್ಧ ಗಾಳಿಯನ್ನು ಊದುತ್ತಾ, ಕಲಕುತ್ತಾ, ಹದವಾದ ಬಿಸಿಯಲ್ಲಿ ಕೆಲವು ದಿನ ಬಿಡುತ್ತಾರೆ. ಅನಂತರ ದ್ರವವನ್ನು ಸೋಸಿ ಔಷಧವನ್ನು ಬೇರ್ಪಡಿಸುತ್ತಾರೆ. ಒಂದೇ ಒಂದು ಬೇಡದ ಸೂಕ್ಷ್ಮಜೀವಿ ಒಳಹೊಕ್ಕು ಬೆಳೆದರೂ ಇಡೀ ತೊಟ್ಟಿಯ ದ್ರವ ಕೆಡಬಹುದು. ಆದ್ದರಿಂದ ಇಲ್ಲಿ ಶುಚಿತ್ವವೇ ಮುಖ್ಯ.

ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಡಿ.ಇ.ಸಿ. ಮಾತ್ರೆ ಕೂಡ ಸುಬ್ಬರಾವ್ ಅವರ ತಂಡದ ಕೊಡುಗೆ. ಫೋಲಿಕ್ ಆಮ್ಲದ ರಚನೆಯನ್ನು ತುಸು ಬದಲಿಸಿ ಅವರು ತಯಾರಿಸಿದ ಔಷಧವನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. ಕೆಲವು ಮಕ್ಕಳ ರೋಗ ಸ್ವಲ್ಪ ಕಾಲ ಹಿಮ್ಮೆಟ್ಟಿತು. ಕ್ಯಾನ್ಸರಿನ ಔಷಧ ಚಿಕಿತ್ಸೆಗೆ ಅದು ದಾರಿ ತೋರಿಸಿತು.

ಆರಿಯೋಮೈಸಿನ್ 1948ರಲ್ಲಿ ಜಗತ್ತಿಗೆ ಪರಿಚಯವಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅವರು ಪ್ರಚಾರವನ್ನು ಬಯಸಿದವರಲ್ಲ. ತಂಡದ ಕೆಲಸಕ್ಕೆ ತಂಡದವರ ಹೆಸರು ಬರಲಿ ಎಂದು ತಾವು ಹಿಂದೆ ನಿಂತರು. ಆದ್ದರಿಂದ ಬಹುಕಾಲ ಅವರ ವಿಷಯ ಹೆಚ್ಚು ಜನಕ್ಕೆ ತಿಳಿಯಲಿಲ್ಲ. ಅವರ ನೆನಪಿಗೆ ಒಂದು ಬಗೆಯ ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಡಲಾಗಿದೆ. ಭಾರತ ಸರ್ಕಾರ 1995ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಆರಿಯೋಮೈಸಿನ್ ಗುಂಪಿಗೆ ಸೇರಿದ ಇನ್ನೊಂದು ಔಷಧ ಟೆಟ್ರಾಸೈಕ್ಲಿನ್. 1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಜನರು ಸೇವಿಸಿದ್ದು ಇದನ್ನೇ. ಸ್ಪ್ರೂ ರೋಗಕ್ಕೂ ವೈದ್ಯರು ಈಗ ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್ ಎರಡನ್ನೂ ಜೊತೆಯಾಗಿ ಕೊಡುತ್ತಾರೆ. ನೋಡಿದಿರಾ ಮಕ್ಕಳೇ? ಒಂದನ್ನು ಸುಬ್ಬರಾವ್ ಅವರ ತಂಡವೇ ತಯಾರಿಸಿತ್ತು. ಇನ್ನೊಂದು ಅವರ ಪ್ರಯೋಗಾಲಯದಲ್ಲಿ ದೊರೆತ ಔಷಧದ ಬಳಗದ್ದು. ಯಾವ ರೋಗ ಅವರ ಇಬ್ಬರು ಸೋದರರನ್ನು ಕಿತ್ತುಕೊಂಡಿತೋ, ಇಂದು ಆ ರೋಗ ಬಂದವರು ಗುಣವಾಗಿ ಮನೆಗೆ ಮರಳುತ್ತಾರೆ.