ವಿಲಿಯಂ ಹರ್ಷೆಲ್

ವಿಲಿಯಂ ಹರ್ಷೆಲ್ (15 ನವೆಂಬರ್ 1738 – 25 ಆಗಸ್ಟ್ 1822) ಜರ್ಮನ್ ಮೂಲದ ಬ್ರಿಟಿಷ್ ಖಗೋಳವಿಜ್ಞಾನಿ ಹಾಗೂ ಸಂಗೀತಗಾರ. ಯುರೇನಸ್ ಗ್ರಹದ ಶೋಧಕನೆಂದು ಪ್ರಸಿದ್ಧನಾದ ಈತ ಕಣ್ಣಿಗೆ ಕಾಣದ ಅವಗೆಂಪು ಅಥವಾ ಇನ್‌ಫ್ರಾರೆಡ್ ಕಿರಣಗಳನ್ನೂ ಮೊದಲು ಪತ್ತೆಹಚ್ಚಿದ. ಆ ಕಿರಣಗಳಲ್ಲಿ ಇಡೀ ಆಕಾಶವನ್ನು ಬಾಹ್ಯಾಕಾಶದಿಂದ ಸಮೀಕ್ಷಿಸುವ ಕಾರ್ಯ ನಡೆದದ್ದು 183 ವರ್ಷಗಳ ಅನಂತರ.

ಆರಂಭಿಕ ಜೀವನ

ಹರ್ಷೆಲ್ ಹುಟ್ಟಿದ್ದು ಹ್ಯಾನೋವರ್‌ನಲ್ಲಿ. ತಂದೆ ಐಸಾಕ್ ಸೇನೆಯ ವಾದ್ಯವೃಂದದಲ್ಲಿದ್ದ. ಮಗನೂ ಅದೇ ವೃಂದವನ್ನು ಸೇರಿ, 1757ರಲ್ಲಿ ಇಂಗ್ಲೆಂಡಿಗೆ ವಲಸೆ ಹೋದ. 1766ರಲ್ಲಿ ಬಾತ್ ನಗರದ ಆಕ್ಟಗನ್ ಚಾಪೆಲ್‌ನ ಆರ್ಗನ್ ವಾದಕನಾದ. 1772ರಲ್ಲಿ ತಂಗಿ ಕ್ಯಾರೊಲಿನ್ ಅಣ್ಣನ ಮನೆಗೆ ಬಂದಳು. ಹಗಲು ಸಂಗೀತ ಪಾಠ ಹೇಳುತ್ತಿದ್ದ ಹರ್ಷೆಲ್, ದೊಡ್ಡ ದೂರದರ್ಶಕಗಳನ್ನು ಕೊಳ್ಳುವ ಶಕ್ತಿಯಿಲ್ಲದೆ, ತಾಮ್ರ ಮತ್ತು ತವರದ ಮಿಶ್ರಲೋಹದ ದರ್ಪಣಗಳನ್ನು ಸ್ವತಃ ಉಜ್ಜಿ ತಯಾರಿಸತೊಡಗಿದ.

ಆಕಾಶದ ಸಮೀಕ್ಷೆ

1781ರ ಮಾರ್ಚ್ 13ರ ರಾತ್ರಿ ಈತನಿಗೆ ಕಂಡ ಹೊಸ ಕಾಯವನ್ನು ಮೊದಲು ಧೂಮಕೇತುವೆಂದು ಭಾವಿಸಲಾಗಿತ್ತು. ಅದು ಶನಿಯಿಂದಾಚೆಗಿನ ಗ್ರಹವೆಂದು ಅನಂತರ ತಿಳಿಯಿತು. ಅದೇ ಯುರೇನಸ್. 1977ರಲ್ಲಿ ಈ ಗ್ರಹ ನಕ್ಷತ್ರವೊಂದನ್ನು ಮರೆಮಾಡಿದಾಗ ಅದನ್ನು ವೀಕ್ಷಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕವಲೂರು ವೀಕ್ಷಣಾಲಯವೂ ಒಂದು. ಗ್ರಹದ ಉಂಗುರಗಳು ಬೆಳಕಿಗೆ ಬಂದದ್ದು ಆ ಸಂದರ್ಭದಲ್ಲಿ.

1782ರಲ್ಲಿ ದೊರೆ ಮೂರನೆಯ ಜಾರ್ಜ್ ವರ್ಷಕ್ಕೆ 200 ಪೌಂಡ್ ವೇತನ ಗೊತ್ತುಮಾಡಿದ್ದರಿಂದ ಹರ್ಷೆಲ್ ಸಂಗೀತವೃತ್ತಿಯನ್ನು ಬಿಟ್ಟ. 1783ರಿಂದ 20 ಅಡಿ ಉದ್ದದ ದೂರದರ್ಶಕದಿಂದ ಆಕಾಶವನ್ನು ಪಟ್ಟಿಪಟ್ಟಿಯಾಗಿ ಶೋಧಿಸಿದ. ಈತ ನೋಡಿ ಹೇಳಿದ್ದನ್ನು ಕ್ಯಾರೊಲಿನ್ ಬರೆದುಕೊಳ್ಳುತ್ತಿದ್ದಳು. 1786, 1789 ಮತ್ತು 1802ರಲ್ಲಿ ಪ್ರಕಟವಾದ ಯಾದಿಗಳಲ್ಲಿ ಒಟ್ಟು 2,500 ನೀಹಾರಿಕೆಗಳೂ ತಾರಾಗುಚ್ಛಗಳೂ ಸೇರಿವೆ. 1789ರಲ್ಲಿ ಪೂರ್ಣಗೊಂಡ 40 ಅಡಿಯ ದೂರದರ್ಶಕದ ದರ್ಪಣದ ವ್ಯಾಸ ಸುಮಾರು 1.2 ಮೀಟರ್.

ಅವಗೆಂಪು ಕಿರಣಗಳು

ಸೂರ್ಯನನ್ನು ಬಣ್ಣದ ಗಾಜುಗಳ ಮೂಲಕ ನೋಡುವಾಗ ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಿದ್ದರೂ ಬಿಸಿ ಹೆಚ್ಚಾಗಿರುವುದು ಹರ್ಷೆಲ್‌ನ ಅನುಭವಕ್ಕೆ ಬಂದಿತು. ಇದರ ಕಾರಣ ತಿಳಿಯಲು 1800ರಲ್ಲಿ ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಕಪ್ಪು ಬಳಿದ ಬುಡದ ಉಷ್ಣತಾಮಾಪಕವನ್ನಿಟ್ಟ. ಹೋಲಿಕೆಗಾಗಿ ಬೇರೆ ಮಾಪಕಗಳನ್ನು ಬೆಳಕಿನ ಹೊರಗಿರಿಸಿದ. ನೇರಳೆಯಿಂದ ಕೆಂಪಿನ ಕಡೆಗೆ ಉಷ್ಣತೆ ಏರುತ್ತಾ ಹೋಯಿತು. ಕೆಂಪನ್ನು ದಾಟಿ ಬಣ್ಣವೇ ಇಲ್ಲದ ಸ್ಥಳದಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಈ ಕಾಣದ ಕಿರಣಗಳೂ ಬೆಳಕಿನಂತೆ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂಬುದನ್ನು ಈತ ಪ್ರಯೋಗಗಳಿಂದ ತೋರಿಸಿದ.

ಎರಡೂ ಒಂದೇ ಬಗೆಯವೆಂದು ಮೊದಲು ಎಣಿಸಿದ್ದ ಹರ್ಷೆಲ್, ಅದೇ ವರ್ಷದ ಮುಂದಿನ ಪ್ರಯೋಗಗಳ ಬಳಿಕ ಶಾಖದ ಕಿರಣಗಳು ಬೆಳಕಿನಿಂದ ಬೇರೆಯೆಂಬ ನಿಲುವಿಗೆ ಬಂದ. ಮೊದಲ ಎಣಿಕೆಯೇ ಸರಿಯೆಂದು 19ನೆಯ ಶತಮಾನದ ಭೌತವಿಜ್ಞಾನ ಸ್ಥಾಪಿಸಿತು.

ಕೊನೆಯ ವರ್ಷಗಳು ಮತ್ತು ಪರಂಪರೆ

1788ರಲ್ಲಿ ಮೇರಿ ಪಿಟ್‌ಳನ್ನು ವಿವಾಹವಾದ ಈತನ ಮಗ ಜಾನ್ ಹರ್ಷೆಲ್ ಸಹ ಪ್ರಸಿದ್ಧ ಖಗೋಳವಿಜ್ಞಾನಿ. ಹರ್ಷೆಲ್ ಸ್ಲೌ ಊರಿನಲ್ಲಿ ತನ್ನ 83ನೆಯ ವಯಸ್ಸಿನಲ್ಲಿ ಮರಣಹೊಂದಿದ.

ಅವಗೆಂಪು ಕಿರಣಗಳ ಬಹುಭಾಗವನ್ನು ವಾಯುಮಂಡಲದ ನೀರಾವಿ ಹೀರಿಕೊಳ್ಳುತ್ತದೆ. ದೂರದರ್ಶಕದ ಸ್ವಂತ ಬಿಸಿಯೂ ಅದೇ ಕಿರಣಗಳನ್ನು ಸೂಸುತ್ತದೆ. ಆದ್ದರಿಂದ ಉಪಕರಣವನ್ನು ದ್ರವ ಹೀಲಿಯಂನಿಂದ ತಂಪಾಗಿಸಿ ಬಾಹ್ಯಾಕಾಶಕ್ಕೆ ಒಯ್ಯಬೇಕಾಯಿತು. ಅಮೆರಿಕ, ನೆದರ್ಲೆಂಡ್ಸ್ ಮತ್ತು ಬ್ರಿಟನ್ 1983ರಲ್ಲಿ ಹಾರಿಸಿದ ಐರಾಸ್ ಉಪಗ್ರಹ ಆಕಾಶದ ಶೇಕಡ 96ರಷ್ಟನ್ನು ಸಮೀಕ್ಷಿಸಿ, ಅಭಿಜಿತ್ ನಕ್ಷತ್ರದ ಸುತ್ತಲಿನ ಧೂಳನ್ನು ತೋರಿಸಿತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2009ರ ಮೇ 14ರಂದು ಹಾರಿಸಿದ, 3.5 ಮೀಟರ್ ದರ್ಪಣದ ಅವಗೆಂಪು ದೂರದರ್ಶಕಕ್ಕೆ ಹರ್ಷೆಲ್‌ನ ಹೆಸರನ್ನಿಡಲಾಯಿತು. ನಕ್ಷತ್ರಗಳು ಹುಟ್ಟುವ ತಣ್ಣನೆಯ ಧೂಳುಮೋಡಗಳನ್ನು ಪರಿಶೀಲಿಸಿದ ಅದು, 2013ರ ಏಪ್ರಿಲ್‌ನಲ್ಲಿ ಹೀಲಿಯಂ ಮುಗಿಯುವವರೆಗೆ ಕೆಲಸಮಾಡಿತು.