ತಾವು ಕಾಣದ ಸಂಸ್ಥೆಗೆ ಅರ್ಧ ಆಸ್ತಿ: ಜಮ್‌ಶೆಡ್‌ಜಿ ಟಾಟಾ

ಜೂನ್ ತಿಂಗಳು ಬಂತೆಂದರೆ ನಮ್ಮ ಸುಲ್ತಾನ್ ಬಜಾರ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಸೀರೆ, ಬಳೆ ಅಂಗಡಿಗಳ ಗದ್ದಲ. ಕೋಠಿಯ ಕಡೆ ಹೊರಳಿದರೆ ಹಳೆಯ ಪುಸ್ತಕಗಳ ರಾಶಿ. ನನ್ನ ಎಂ.ಟೆಕ್. ಪುಸ್ತಕಗಳಲ್ಲಿ ಅರ್ಧದಷ್ಟು ಅಲ್ಲಿ ಚೌಕಾಶಿ ಮಾಡಿ ತಂದವೇ. ಉಳಿದ ಖರ್ಚಿಗೆ ಪ್ರತಿ ತಿಂಗಳು ಬರುತ್ತಿದ್ದ ವಿದ್ಯಾರ್ಥಿವೇತನವಿತ್ತು. ಅದು ಬರುವುದು ನಾಲ್ಕು ದಿನ ತಡವಾದರೆ ಬೇಸರಪಡುತ್ತಿದ್ದೆನೇ ಹೊರತು, ಒಬ್ಬರ ಓದಿಗೆ ಇನ್ನೊಬ್ಬರು ಯಾಕೆ ಹಣ ಕೊಡಬೇಕು ಎಂದು ಎಂದೂ ಯೋಚಿಸಿರಲಿಲ್ಲ. ಆ ಪ್ರಶ್ನೆಯನ್ನು ಬಹಳ ಹಿಂದೆಯೇ ಯೋಚಿಸಿ, ಉತ್ತರವನ್ನು ಮಾಡಿಯೇ ತೋರಿಸಿದವರು ಜಮ್‌ಶೆಡ್‌ಜಿ ನಸರ್‌ವಾನ್‌ಜಿ ಟಾಟಾ. ಅವರ ಹೆಸರು ನಮಗೆಲ್ಲ ಗೊತ್ತು. ಉಪ್ಪಿನಿಂದ ಉಕ್ಕಿನವರೆಗೆ ಆ ಹೆಸರಿಲ್ಲದ ಮನೆಯಿಲ್ಲ. ಆದರೆ ಬದುಕು ಅಷ್ಟಾಗಿ ಗೊತ್ತಿಲ್ಲ.

ಜಮ್‌ಶೆಡ್‌ಜಿ ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್‌ವಾನ್‌ಜಿ ಕುಲವೃತ್ತಿ ಬಿಟ್ಟು ಮುಂಬೈಗೆ ಹೋಗಿ ವ್ಯಾಪಾರ ಹಿಡಿದರು. ಮಗನನ್ನೂ ಅಲ್ಲಿಗೇ ಕರೆಸಿಕೊಂಡು ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿಸಿದರು. ಓದುವಾಗಲೇ ಹೀರಾಬಾಯಿಯವರ ಜೊತೆ ಮದುವೆಯೂ ಆಯಿತು. 1858ರಲ್ಲಿ ಓದು ಮುಗಿಸಿ ತಂದೆಯ ವ್ಯಾಪಾರಕ್ಕೆ ಸೇರಿದರು.

ಗೆಲುವು ಕೂಡಲೇ ಬರಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಮುಂಬೈ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ನೆಲಕಚ್ಚಿತು. ಆಗ ಜಮ್‌ಶೆಡ್‌ಜಿ ಇಂಗ್ಲೆಂಡಿನಲ್ಲಿದ್ದರು. ಕೈಯಲ್ಲಿದ್ದ ಹುಂಡಿಗಳು ಬರೀ ಕಾಗದವಾದವು. ವಯಸ್ಸು ಇಪ್ಪತ್ತಾರು, ಸಾಲಗಾರರು ಎದುರಿಗೆ. ಅವರು ಓಡಿಹೋಗಲಿಲ್ಲ. ಪರಿಸ್ಥಿತಿಯನ್ನು ಇದ್ದದ್ದು ಇದ್ದಂತೆ ಹೇಳಿದರು. ಆ ಪ್ರಾಮಾಣಿಕತೆಯನ್ನು ಮೆಚ್ಚಿದ ಸಾಲಗಾರರು ಲೆಕ್ಕ ಚುಕ್ತಾ ಮಾಡುವ ಕೆಲಸವನ್ನು ಸಂಬಳ ಕೊಟ್ಟು ಅವರಿಗೇ ವಹಿಸಿದರು.

1868ರಲ್ಲಿ 21,000 ರೂಪಾಯಿ ಬಂಡವಾಳದಿಂದ ತಮ್ಮದೇ ವ್ಯಾಪಾರ ಸಂಸ್ಥೆ ಶುರು ಮಾಡಿದರು. ಮುಂದೆ ನಾಗಪುರದಲ್ಲಿ ಬಟ್ಟೆ ಗಿರಣಿ ಕಟ್ಟಿದರು. ಎಲ್ಲರೂ ಮುಂಬೈನಲ್ಲಿ ಗಿರಣಿ ಹಾಕುತ್ತಿದ್ದಾಗ ಇವರು ಹತ್ತಿ ಬೆಳೆಯುವ ಸೀಮೆಗೇ ಹೋದರು. 1877ರ ಜನವರಿ 1ರಂದು ಎಂಪ್ರೆಸ್ ಮಿಲ್ಸ್ ಆರಂಭವಾಯಿತು. ಕಾನೂನು ಕೇಳುವ ಎಷ್ಟೋ ವರ್ಷ ಮೊದಲೇ ಅಲ್ಲಿಯ ಕೆಲಸಗಾರರಿಗೆ ಭವಿಷ್ಯನಿಧಿ ಬಂತು, ಅಪಘಾತವಾದರೆ ಪರಿಹಾರ ಬಂತು. ಇಂದು ನಮ್ಮ ಸಂಬಳದ ಚೀಟಿಯಲ್ಲಿ ಪಿ.ಎಫ್. ಎಂಬ ಸಾಲು ನೋಡಿದಾಗ ನನಗೆ ಆ ಗಿರಣಿಯ ನೆನಪಾಗುತ್ತದೆ.

ಹಣ ಬಂದಮೇಲೆ ದಾನ ಮಾಡುವವರು ಆಗಲೂ ಇದ್ದರು. ಛತ್ರ, ಕೆರೆ, ಅನ್ನದಾನ ಎಲ್ಲವೂ ನಡೆಯುತ್ತಿತ್ತು. ಜಮ್‌ಶೆಡ್‌ಜಿಯವರ ಯೋಚನೆಯ ದಾರಿ ಬೇರೆ. ಹಸಿದವನಿಗೆ ಊಟ ಹಾಕುವುದು ಒಳ್ಳೆಯದೇ, ಆದರೆ ಸಮರ್ಥರನ್ನು ಓದಿಸಿದರೆ ಅವರು ನಾಡನ್ನೇ ಎತ್ತುತ್ತಾರೆ ಎಂಬುದು ಅವರ ನಂಬಿಕೆ. 1892ರಲ್ಲಿ ಅವರು ಸ್ಥಾಪಿಸಿದ ಜೆ.ಎನ್. ಟಾಟಾ ಎಂಡೋಮೆಂಟ್ ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವವರಿಗೆ ನೆರವಾಯಿತು. ಅದು ದಾನವಲ್ಲ, ಸಾಲ. ಓದಿ, ಕೆಲಸ ಹಿಡಿದು, ಹಿಂದಿರುಗಿಸಬೇಕು. ಆ ಹಣದಲ್ಲಿ ಇನ್ನೊಬ್ಬರು ಓದಬೇಕು. ಮೊದಲು ಪಾರ್ಸಿಗಳಿಗೆಂದು ಇದ್ದ ನಿಧಿ 1894ರಲ್ಲಿ ಎಲ್ಲರಿಗೂ ತೆರೆಯಿತು.

ಅಕ್ಕ-ತಂಗಿಯರೇ, ಈ ಒಂದು ಮಾತನ್ನು ದಯವಿಟ್ಟು ಗಮನಿಸಿ. ಆ ನಿಧಿಯಿಂದ ಓದಿದ ಮೊದಲಿಗರಲ್ಲಿ ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ್ ಎಂಬ ಇಬ್ಬರು ವೈದ್ಯೆಯರಿದ್ದರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವುದೇ ದೊಡ್ಡ ಸುದ್ದಿಯಾಗಿದ್ದ ಕಾಲ ಅದು. ಮುಂದೆ ಇದೇ ನಿಧಿಯ ನೆರವಿನಿಂದ ನಮ್ಮ ತುಮಕೂರಿನ ರಾಜಾ ರಾಮಣ್ಣನವರು ಲಂಡನ್ನಿನಲ್ಲಿ ಓದಿದರು. ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಅವರೂ ಓದಿದರು.

ಕೆಲವರನ್ನು ಹೊರಗೆ ಕಳಿಸಿದರೆ ಸಾಲದು, ಅಂಥ ವಿದ್ಯೆ ನಮ್ಮ ನೆಲದಲ್ಲೇ ಸಿಗಬೇಕು ಎಂಬುದು ಅವರ ಮುಂದಿನ ಕನಸು. 1893ರಲ್ಲಿ ಯೊಕೊಹಾಮಾದಿಂದ ವ್ಯಾಂಕೋವರ್‌ಗೆ ಹೊರಟ ಹಡಗಿನಲ್ಲಿ ಅವರ ಸಹಪ್ರಯಾಣಿಕರಾಗಿದ್ದವರು ಸ್ವಾಮಿ ವಿವೇಕಾನಂದರು. ಐದು ವರ್ಷದ ನಂತರ, 1898ರ ನವೆಂಬರಿನಲ್ಲಿ, ಆ ಮಾತುಕತೆಯನ್ನು ನೆನಪಿಸಿ ಜಮ್‌ಶೆಡ್‌ಜಿ ಸ್ವಾಮೀಜಿಗೆ ಕಾಗದ ಬರೆದರು. ವಿಜ್ಞಾನ ಸಂಶೋಧನೆಗೆ ಒಂದು ಸಂಸ್ಥೆ ಕಟ್ಟುವ ಯೋಜನೆ ಅಷ್ಟರಲ್ಲಿ ಸಿದ್ಧವಾಗಿತ್ತು. ಅದಕ್ಕಾಗಿ ಅವರು ತೆಗೆದಿಟ್ಟದ್ದು ಮುಂಬೈನ ಕಟ್ಟಡಗಳು ಮತ್ತು ಜಮೀನುಗಳು, ಆಗಿನ ಬೆಲೆಯಲ್ಲಿ ಸುಮಾರು 30 ಲಕ್ಷ ರೂಪಾಯಿ. ಅವರ ಆಸ್ತಿಯ ಹತ್ತಿರ ಹತ್ತಿರ ಅರ್ಧ ಭಾಗ.

ಹಣ ಕೊಟ್ಟರೆ ಕೆಲಸ ಆಗುತ್ತದೆ ಎಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. 1898ರ ಕೊನೆಯ ದಿನ ಯೋಜನೆಯ ಕರಡನ್ನು ವೈಸ್‌ರಾಯ್ ಆಗಿ ಆಗಷ್ಟೇ ಬಂದಿದ್ದ ಲಾರ್ಡ್ ಕರ್ಜನ್ ಅವರ ಮುಂದಿಟ್ಟರು. ಇಂಥ ಓದಿಗೆ ಬರುವ ವಿದ್ಯಾರ್ಥಿಗಳು ಎಲ್ಲಿದ್ದಾರೆ, ಓದಿದವರಿಗೆ ಕೆಲಸ ಎಲ್ಲಿದೆ ಎಂಬ ಸಂದೇಹ ಅವರದು. ಸಮಿತಿಗಳು ಬಂದವು, ವರದಿಗಳು ಬಂದವು. ವಿಜ್ಞಾನಿ ವಿಲಿಯಂ ರಾಮ್ಸೆ ಊರೂರು ಸುತ್ತಿ ಬೆಂಗಳೂರೇ ಸೂಕ್ತ ಜಾಗ ಎಂದರು. ಮೈಸೂರಿನಲ್ಲಿ ಆಗ ಮಗನ ಪರವಾಗಿ ರಾಜ್ಯಭಾರ ನಡೆಸುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಆ ಸಂಸ್ಥಾನ ಯೋಜನೆಯ ಕೈಹಿಡಿಯಿತು. ಬೆಂಗಳೂರು ಜಮ್‌ಶೆಡ್‌ಜಿಯವರಿಗೆ ಹೊಸದೇನಲ್ಲ. ಜಪಾನಿನ ಪದ್ಧತಿಯ ರೇಷ್ಮೆ ಕೃಷಿಯನ್ನು ಅವರು ಅಲ್ಲಿ ಆರಂಭಿಸಿದ್ದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ.

ಇಷ್ಟಾದರೂ ಸರ್ಕಾರದ ಅಂತಿಮ ಒಪ್ಪಿಗೆ ಬರಲಿಲ್ಲ. 1904ರಲ್ಲಿ ಹೀರಾಬಾಯಿ ತೀರಿಕೊಂಡರು. ಅದೇ ವರ್ಷ ಮೇ 19ರಂದು ಜರ್ಮನಿಯ ಬಾದ್ ನೌಹೈಮ್‌ನಲ್ಲಿ ಜಮ್‌ಶೆಡ್‌ಜಿಯವರೂ ಕಣ್ಣು ಮುಚ್ಚಿದರು. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಯೋಜನೆ, ವಿಜ್ಞಾನ ಸಂಸ್ಥೆ, ಈ ಮೂರು ದೊಡ್ಡ ಕನಸುಗಳಲ್ಲಿ ಒಂದನ್ನೂ ಅವರು ಕಣ್ಣಾರೆ ಕಾಣಲಿಲ್ಲ. ಮುಂಬೈನ ತಾಜ್ ಹೋಟೆಲ್ ಮಾತ್ರ 1903ರಲ್ಲಿ ತೆರೆದಿತ್ತು.

ಮಕ್ಕಳಾದ ದೊರಾಬ್ಜಿ ಮತ್ತು ರತನ್ ಇಲ್ಲಿ ಬೇರೆ ದಾರಿ ಹಿಡಿಯಬಹುದಿತ್ತು. ತಂದೆ ಇಲ್ಲ, ಸರ್ಕಾರಕ್ಕೆ ಆಸಕ್ತಿಯಿಲ್ಲ, ಆಸ್ತಿ ಮನೆಯಲ್ಲೇ ಉಳಿಯಲಿ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಜಾಗ ಕೊಟ್ಟಿತು. 1909ರ ಮೇ 27ರಂದು ಸರ್ಕಾರದ ಆದೇಶ ಹೊರಬಿತ್ತು. 1911ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ವಿದ್ಯಾರ್ಥಿಗಳು ಬಂದರು. ಅಷ್ಟು ಹೊತ್ತಿಗೆ ಜಮ್‌ಶೆಡ್‌ಜಿ ತೀರಿಕೊಂಡು ಏಳು ವರ್ಷವಾಗಿತ್ತು. ಸಂಸ್ಥೆಗೆ ತಮ್ಮ ಹೆಸರಿಡುವುದು ಅವರಿಗೆ ಬೇಕಿರಲಿಲ್ಲ. ಆದರೆ ಬೆಂಗಳೂರಿನ ಜನ ಬಿಡಬೇಕಲ್ಲ! ಇವತ್ತಿಗೂ ಬಸ್ಸಿನಲ್ಲಿ ಆ ನಿಲ್ದಾಣ ಟಾಟಾ ಇನ್‌ಸ್ಟಿಟ್ಯೂಟೇ.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಮೊದಲೇ ಹೆಣ್ಣುಮಕ್ಕಳನ್ನು ಓದಿಸಿದ ಮನುಷ್ಯ ಕಟ್ಟಲು ಹೊರಟ ಸಂಸ್ಥೆಯಲ್ಲೇ 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿಗೆ, ಹೆಣ್ಣೆಂಬ ಕಾರಣಕ್ಕೆ, ಪ್ರವೇಶ ಸುಲಭವಾಗಿ ಸಿಗಲಿಲ್ಲ. ಆಕೆ ಹಟಹಿಡಿದು, ಷರತ್ತುಗಳನ್ನು ಒಪ್ಪಿ, ಒಳಗೆ ಹೋಗಿ ತನ್ನನ್ನು ಸಾಬೀತು ಮಾಡಿದಳು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದಳು. ನಂತರದ ದಶಕದಲ್ಲಿ ನಮ್ಮ ಕನ್ನಡತಿ ರಾಜೇಶ್ವರಿ ಚಟರ್ಜಿ ಅಲ್ಲಿಗೆ ಸೇರಿ, ಮುಂದೆ ಅಲ್ಲಿಯೇ ಎಂಜಿನಿಯರಿಂಗ್ ಕಲಿಸುವ ಪ್ರಾಧ್ಯಾಪಕಿಯಾದರು. ಒಬ್ಬರು ಹಣ ಕೊಟ್ಟು ಬಾಗಿಲು ಮಾಡಿಸಿದರೂ ಅದನ್ನು ತಳ್ಳಿ ತೆರೆಯುವವರು ಇನ್ನೊಬ್ಬರು ಬೇಕು.

ಕೋಠಿಯ ಹಳೆಯ ರೆಸಿಡೆನ್ಸಿ ಕಟ್ಟಡ ಹೆಣ್ಣುಮಕ್ಕಳ ಕಾಲೇಜಾಗಿ ಬಹುಕಾಲವಾಯಿತು. ಸಂಜೆ ಅದರ ಮುಂದೆ ಬ್ಯಾಗು ತೂಗಿಕೊಂಡು ಬರುವ ಹುಡುಗಿಯರನ್ನು ನೋಡುತ್ತೇನೆ. ಅವರಲ್ಲಿ ಎಷ್ಟು ಜನರ ಮುಂದಿನ ಓದು ಫೀಜಿನ ಕಾರಣಕ್ಕೆ ನಿಲ್ಲುತ್ತದೋ! ನಮ್ಮಲ್ಲಿ ಯಾರ ಬಳಿಯೂ 30 ಲಕ್ಷದ ಕಟ್ಟಡಗಳನ್ನು ಬರೆದುಕೊಡುವ ಶಕ್ತಿ ಇಲ್ಲದಿರಬಹುದು. ಆದರೆ ನಾವು ಹತ್ತು ಮಂದಿ ಸೇರಿದರೆ ಒಬ್ಬ ಹುಡುಗಿಯ ಒಂದು ವರ್ಷದ ಫೀಜು ದೊಡ್ಡದಲ್ಲ. ಓದಿ ಮುಗಿಸಿದ ಮೇಲೆ ಅವಳು ಇನ್ನೊಬ್ಬಳಿಗೆ ಕೊಡಲಿ. ನಾನು ನನ್ನ ಪಾಲು ಈ ವರ್ಷದಿಂದಲೇ ತೆಗೆದಿಡುತ್ತಿದ್ದೇನೆ. ಇನ್ನು ಒಂಬತ್ತು ಜನ ಬೇಕು.